ಯಾವ ರೈಸ್? ಯಾವ ಮೆಕೆಂಜಿ?

ಓದುಗರ ಪ್ರಶ್ನೆ:

"ನಾನು ನಿವೃತ್ತ ಹೈಸ್ಕೂಲು ಮೇಷ್ಟ್ರು. ಕಡೂರು ಕಡೆಯವನು. ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರದ ನೆನಪಿಗೆ ಒಂದು ಸ್ಮರಣ ಸಂಚಿಕೆ ಮಾಡಿದೆವು. ಊರಿನ ಶಾಸನಗಳ ಬಗ್ಗೆ ನಾನೇ ಹದಿನೆಂಟು ಪುಟ ಬರೆದೆ. ಅದರಲ್ಲಿ ಹೀಗೆ ಹಾಕಿದ್ದೇನೆ: 'ನಮ್ಮೂರ ಕಲ್ಲುಗಳನ್ನು ಓದಿಸಿದ ರೈಸ್ ಸಾಹೇಬರು ಮಿಷನರಿಯಾಗಿ ಬೆಂಗಳೂರಿಗೆ ಬಂದವರು. ಕನ್ನಡ ಸಾಹಿತ್ಯದ ಚರಿತ್ರೆಯನ್ನೂ ಬರೆದರು. ಅವರ ನೆನಪಿಗೆ ಅವೆನ್ಯೂ ರಸ್ತೆಯಲ್ಲಿ ಒಂದು ಚರ್ಚ್ ಇದೆ.' ಮೆಕೆಂಜಿ ಸಾಹೇಬರ ಚಿತ್ರವನ್ನು ಇಂಟರ್‌ನೆಟ್‌ನಿಂದ ಇಳಿಸಿ ಒಂದು ಪೂರ್ತಿ ಪುಟಕ್ಕೆ ಹಾಕಿದೆವು. ಪೇಟ ಸುತ್ತಿಕೊಂಡು ಬಲು ಚೆನ್ನಾಗಿ ಕಾಣುತ್ತಾರೆ. 600 ಪ್ರತಿ ಅಚ್ಚಾಗಿ ಅರ್ಧ ಹಂಚಿಯೂ ಆಯ್ತು. ಈಗ ಮೈಸೂರಿನಲ್ಲಿ ಎಂ.ಎ. ಓದುವ ನಮ್ಮೂರ ಹುಡುಗನೊಬ್ಬ ಫೋನ್ ಮಾಡಿ, 'ಸಾರ್, ಮೂರು ಜನ ರೈಸ್‌ಗಳನ್ನು ಸೇರಿಸಿ ಒಬ್ಬರನ್ನು ಮಾಡಿದ್ದೀರಿ. ಮೆಕೆಂಜಿ ಚಿತ್ರ ಬೇರೆ ಯಾರದೋ. ಬುಕಾನನ್ನೂ ಹ್ಯಾಮಿಲ್ಟನ್ನೂ ಇಬ್ಬರಲ್ಲ, ಒಬ್ಬರೇ' ಎಂದ. ಎರಡು ರಾತ್ರಿ ನಿದ್ದೆ ಬಂದಿಲ್ಲ. ಇವರೆಲ್ಲ ನೆಂಟರೇ? ಒಂದೇ ಹೆಸರಿನ ಇಂಗ್ಲಿಷರನ್ನು ಬೇರೆ ಬೇರೆ ಅಂತ ಗುರುತಿಸುವುದು ಹೇಗೆ? ಅಚ್ಚಾದ ಪ್ರತಿಗಳನ್ನು ಏನು ಮಾಡಲಿ? ಜೊತೆಗೆ ನನ್ನ ಮೊಮ್ಮಗನದೊಂದು ಪ್ರಶ್ನೆ: ಫುಟ್‌ಬಾಲ್ ಆಡುವ ಡೆಕ್ಲನ್ ರೈಸ್ ಕೂಡ ಇದೇ ಮನೆತನದವನಾ?"

ಉತ್ತರ:

ಮೇಷ್ಟ್ರೇ, ಹುಡುಗ ಹೇಳಿದ್ದು ಮೂರಕ್ಕೆ ಮೂರೂ ಸರಿ. ಆದರೆ ನಿದ್ದೆಗೆಡುವಂಥದ್ದೇನೂ ಆಗಿಲ್ಲ. ನಾನು ಮೂವತ್ತೆರಡು ವರ್ಷ ಗ್ರಂಥಾಲಯದಲ್ಲಿ ಕ್ಯಾಟಲಾಗ್ ಮಾಡಿದವನು. ಬಂದ ಪುಸ್ತಕ ಯಾರದು ಅಂತ ತೀರ್ಮಾನಿಸಿ, ಆ ಹೆಸರಿನ ಕೆಳಗೆ ಕಾರ್ಡ್ ಬರೆದು ಡ್ರಾಯರಿಗೆ ಸೇರಿಸುವುದೇ ನನ್ನ ಕೆಲಸವಾಗಿತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೂ ಎಡವಿದ್ದು ಇದೇ ರೈಸ್ ಹತ್ತಿರ.

ಆಗಿನ ಕಾರ್ಡ್ ಮೂರು ಇಂಚು ಐದು ಇಂಚಿನದು. ಕೆಳಗೆ ಮಧ್ಯದಲ್ಲಿ ಒಂದು ತೂತು. ಡ್ರಾಯರಿನ ಉದ್ದಕ್ಕೂ ಹಾಯುವ ಸರಳು ಆ ತೂತಿನಲ್ಲಿ ತೂರಿ ಬರುತ್ತಿತ್ತು, ಯಾರೂ ಕಾರ್ಡ್ ಕಿತ್ತುಕೊಂಡು ಹೋಗದ ಹಾಗೆ. ನಾನು ಕನ್ನಡ ಸಾಹಿತ್ಯ ಚರಿತ್ರೆಯ ಇಂಗ್ಲಿಷ್ ಪುಸ್ತಕದ ಕಾರ್ಡನ್ನು ಶಾಸನದ ರೈಸ್ ಅವರ ಕಾರ್ಡುಗಳ ಹಿಂದೆ ಸೇರಿಸಿ ಸರಳು ಹಾಕಿಬಿಟ್ಟೆ. ಕನ್ನಡ, ಬೆಂಗಳೂರು, ರೈಸ್. ಇನ್ನೇನು ಬೇಕು ಅಂದುಕೊಂಡೆ. ಒಂಬತ್ತು ತಿಂಗಳು ಕಳೆದ ಮೇಲೆ ದಿನಾ ಬರುತ್ತಿದ್ದ ಹಿರಿಯ ಓದುಗರೊಬ್ಬರು ಕೌಂಟರಿಗೆ ಬಂದು, "ಅಣ್ಣನ ಲೆಕ್ಕಕ್ಕೆ ತಮ್ಮನ ಪುಸ್ತಕ ಬರೆದಿದ್ದೀರಲ್ಲಪ್ಪ" ಅಂದರು. ನನಗೆ ಅಣ್ಣ ತಮ್ಮ ಇದ್ದದ್ದೇ ಗೊತ್ತಿರಲಿಲ್ಲ.

ಆದ್ದರಿಂದ ಮೊದಲು ಆ ಮೂವರನ್ನು ಬಿಡಿಸಿ ಕೂರಿಸೋಣ.

ಅಪ್ಪ ಬೆಂಜಮಿನ್ ರೈಸ್. ಲಂಡನ್ ಮಿಷನ್ನಿನ ಪಾದ್ರಿ. 1830ರ ದಶಕದಲ್ಲಿ ಬೆಂಗಳೂರಿಗೆ ಬಂದವರು ಐವತ್ತು ವರ್ಷ ಇಲ್ಲೇ ದುಡಿದರು, 1887ರಲ್ಲಿ ತೀರಿಕೊಂಡರು. ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚ್ ಇವರ ನೆನಪಿನದು. ಶಾಸನದ ರೈಸ್ ಅವರದಲ್ಲ. ಬೆಂಗಳೂರಿನವರೇ ಎಷ್ಟೋ ಜನ ಈ ವಿಷಯದಲ್ಲಿ ತಪ್ಪುತ್ತಾರೆ. ಚಿಕ್ಕಪೇಟೆಗೆ ಹೋಗುವಾಗ ಬೋರ್ಡ್ ಓದಿ, "ಓ, ನಮ್ಮ ಶಾಸನದವರು" ಅಂತ ಕೈಮುಗಿದು ಹೋಗುವವರನ್ನು ನಾನೇ ನೋಡಿದ್ದೇನೆ.

ದೊಡ್ಡ ಮಗ ಬೆಂಜಮಿನ್ ಲೂಯಿಸ್ ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಅಂದರೆ "ಬೆಂಗಳೂರಿಗೆ ಬಂದರು" ಅಂತ ನೀವು ಬರೆದದ್ದು ಅಪ್ಪನಿಗೆ ಸಲ್ಲುತ್ತದೆ, ಇವರಿಗಲ್ಲ. ಇವರು ಪಾದ್ರಿಯೂ ಅಲ್ಲ, ಸರ್ಕಾರಿ ನೌಕರರು. ಮೊದಲು ಶಿಕ್ಷಣ ಇಲಾಖೆ. ಶಾಲೆ ತಪಾಸಣೆಗೆ ಊರೂರು ತಿರುಗುವಾಗ ಕಲ್ಲುಗಳು ಕಣ್ಣಿಗೆ ಬಿದ್ದವು. ಆಮೇಲೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾದರು. 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದರು. ಕೊಡಗಿನ ಶಾಸನಗಳ ಮೊದಲ ಸಂಪುಟ ಬಂದದ್ದು 1886ರಲ್ಲಿ. ನಿಮ್ಮ ಕಡೂರು ಸೀಮೆಯದು ಆರನೆಯ ಸಂಪುಟ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1892ರಲ್ಲಿ ಪತ್ತೆ ಹಚ್ಚಿದವರೂ ಇವರೇ. 1906ರಲ್ಲಿ ನಿವೃತ್ತಿ, 1927ರಲ್ಲಿ ಇಂಗ್ಲೆಂಡಿನಲ್ಲಿ ಸಾವು. ನಾವು ಶಾಸನ ಪಿತಾಮಹ ಅನ್ನುವುದು ಇವರನ್ನು.

ಇನ್ನೊಬ್ಬ ಮಗ ಎಡ್ವರ್ಡ್ ಪೀಟರ್ ರೈಸ್, ಅಂದರೆ ಇ.ಪಿ. ರೈಸ್. ಅಪ್ಪನ ಹಾಗೆ ಇವರೂ ಬೆಂಗಳೂರಿನಲ್ಲಿ ಪಾದ್ರಿ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು ಇವರು. ಅದರ 1921ರ ಆವೃತ್ತಿಯೇ ಎಲ್ಲರೂ ಉಲ್ಲೇಖಿಸುವ ಪುಸ್ತಕ. ಅಪ್ಪನ ಜೀವನಚರಿತ್ರೆಯನ್ನು ಬರೆದದ್ದೂ ಇವರೇ.

ಹಾಗಾಗಿ ನಿಮ್ಮ ಮೂರು ಸಾಲುಗಳಲ್ಲಿ ಸುಳ್ಳು ಯಾವುದೂ ಇಲ್ಲ. ಎಲ್ಲವೂ ಯಾರೋ ಒಬ್ಬ ರೈಸ್ ಬಗ್ಗೆ ನಿಜ. ಒಬ್ಬರ ಬಗ್ಗೆಯೇ ನಿಜ ಅಲ್ಲ, ಅಷ್ಟೇ. ಈ ಜಾತಿಯ ತಪ್ಪು ಹಿಡಿಯುವುದು ಬಹಳ ಕಷ್ಟ. ಸಾಲು ಸಾಲಾಗಿ ಪರೀಕ್ಷಿಸಿದರೆ ಎಲ್ಲವೂ ಪಾಸ್.

ಅಣ್ಣ ತಮ್ಮಂದಿರು ಕಲಸಿಹೋಗಲು ಇನ್ನೊಂದು ಕಾರಣವೂ ಇದೆ. ಅಣ್ಣ ಬರೀ ಕಲ್ಲು ಓದಿಸಿ ಸುಮ್ಮನಿರಲಿಲ್ಲ. ಹಳಗನ್ನಡ ಕಾವ್ಯಗಳನ್ನೂ ಅಚ್ಚು ಹಾಕಿಸಿದರು, ನಾಗವರ್ಮನ 'ಕರ್ಣಾಟಕ ಭಾಷಾಭೂಷಣ'ವನ್ನು 1884ರಲ್ಲಿ ತಂದರು. ಹಳೆಯ ಕವಿಗಳ ಕಾಲದ ಬಗ್ಗೆಯೂ ಬರೆದರು. ಆದ್ದರಿಂದ "ಕನ್ನಡ ಸಾಹಿತ್ಯದ ಬಗ್ಗೆ ರೈಸ್ ಹೀಗೆ ಹೇಳುತ್ತಾರೆ" ಅಂತ ಎಲ್ಲಾದರೂ ಓದಿದರೆ, ಅದು ಇಬ್ಬರಲ್ಲಿ ಯಾರದೂ ಆಗಿರಬಹುದು. ಇನಿಷಿಯಲ್ ಇಲ್ಲದಿದ್ದರೆ ಪುಸ್ತಕದ ಹೆಸರು ನೋಡಿಯೇ ತಿಳಿಯಬೇಕು.

ಈಗ ಅಸಲು ಕಾರಣಕ್ಕೆ ಬರುತ್ತೇನೆ. ನಮಗೆ ಈ ಗೊಂದಲ ಜಾಸ್ತಿ ಆಗುವುದು ನಾವು ಅವರ ಹೆಸರನ್ನು ನಮ್ಮ ಹೆಸರಿನ ಹಾಗೆ ಓದುವುದರಿಂದ. ಹಳೆ ಮೈಸೂರು ಕಡೆ ಹೆಸರಿನ ಕೊನೆಯಲ್ಲಿ ಇರುವುದು ಆ ಮನುಷ್ಯನ ಸ್ವಂತ ಹೆಸರು. ಮುಂದಿನ ಇನಿಷಿಯಲ್‌ಗಳು ಊರು ಮತ್ತು ಅಪ್ಪ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದರೆ ಪುಟ್ಟಪ್ಪ ಅವರು. ಇಂಗ್ಲಿಷರದು ಪೂರಾ ಉಲ್ಟಾ. ಕೊನೆಯದು ಮನೆತನದ ಹೆಸರು, ಮುಂದಿನ ಇನಿಷಿಯಲ್‌ಗಳೇ ಆ ಮನುಷ್ಯ. ಬಿ.ಎಲ್. ರೈಸ್ ಅನ್ನುವಲ್ಲಿ ನಾವು ಬಿ.ಎಲ್. ಅನ್ನು ಕೈಬಿಟ್ಟು ರೈಸ್ ಉಳಿಸಿಕೊಂಡರೆ ವ್ಯಕ್ತಿಯನ್ನು ಕಳೆದು ಮನೆಯನ್ನು ಉಳಿಸಿಕೊಂಡ ಹಾಗೆ. ಪುಟ್ಟಪ್ಪನವರನ್ನು ಬರೀ "ಕುಪ್ಪಳಿ" ಅಂತ ಕರೆದಂತೆ.

ಮೇಲಿನ ಅಪ್ಪ ಮಗನನ್ನೇ ನೋಡಿ. ಇಬ್ಬರೂ ಬೆಂಜಮಿನ್. ಒಂದೇ ಮನೆಯಲ್ಲಿ ಇಬ್ಬರು ಬೆಂಜಮಿನ್ ರೈಸ್! ಮಗ ತನ್ನ ನಡುಹೆಸರನ್ನು ಮುಂದೆ ಮಾಡಿಕೊಂಡು ಲೂಯಿಸ್ ರೈಸ್ ಅಂತಲೇ ಹೆಸರಾದರು. ಅಪ್ಪನ, ಅಜ್ಜನ, ಮಾವನ ಹೆಸರನ್ನೇ ಮಕ್ಕಳಿಗೆ ಇಡುವುದು ಅವರಲ್ಲೂ ಮಾಮೂಲು. ಮೈಸೂರಿನ ರೆಸಿಡೆಂಟ್ ಆಗಿದ್ದು ಆಮೇಲೆ ಇಲ್ಲಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇದ್ದಾರಲ್ಲ, ಅವರ ಅಕ್ಕತಂಗಿಯರ ಮಗನೇ ಮಾರ್ಕ್ ಕಬ್ಬನ್, ಕಬ್ಬನ್ ಪಾರ್ಕಿನ ಕಬ್ಬನ್. ಸೋದರಮಾವನೂ ಮಾರ್ಕ್, ಅಳಿಯನೂ ಮಾರ್ಕ್. ಸಾಲದ್ದಕ್ಕೆ ಆ ಕಾಲದ ಬ್ರಿಟನ್ನಿನಲ್ಲಿ ಗಂಡು ಮಕ್ಕಳಿಗೆ ಇಡುತ್ತಿದ್ದ ಹೆಸರುಗಳೇ ಕಮ್ಮಿ. ಜಾನ್, ವಿಲಿಯಂ, ಥಾಮಸ್, ಜೇಮ್ಸ್. ಮತ್ತೆ ಜಾನ್.

ನಮ್ಮಲ್ಲಿ ಈ ಕಷ್ಟ ಇಲ್ಲ ಅಂದುಕೊಳ್ಳಬೇಡಿ. 1906ರಲ್ಲಿ ಲೂಯಿಸ್ ರೈಸ್ ಕುರ್ಚಿಯಲ್ಲಿ ಬಂದು ಕೂತವರು ಆರ್. ನರಸಿಂಹಾಚಾರ್. 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಬಂದಾಗ ಅದರ ಮೇಲೆ ಇನ್ನೊಬ್ಬರ ಹೆಸರೂ ಇತ್ತು: ಎಸ್.ಜಿ. ನರಸಿಂಹಾಚಾರ್. ಆಮೇಲೆ ಡಿ.ಎಲ್. ನರಸಿಂಹಾಚಾರ್ ಬಂದರು, ಪಿ.ಟಿ. ನರಸಿಂಹಾಚಾರ್ ಬಂದರು. ಇಂಗ್ಲೆಂಡಿನ ಒಬ್ಬ ಗ್ರಂಥಪಾಲಕ ಇವರನ್ನೆಲ್ಲ "ನರಸಿಂಹಾಚಾರ್ ಮನೆತನ" ಅಂತ ಒಂದೇ ಡ್ರಾಯರಿಗೆ ಹಾಕಿದರೆ ನಾವು ನಗುತ್ತೇವೆ, ಅಲ್ವಾ? ರೈಸ್ ವಿಷಯದಲ್ಲಿ ನಾವು ಮಾಡಿದ್ದು ಅದೇ ನಗೆಪಾಟಲು. ಒಂದೇ ವ್ಯತ್ಯಾಸ, ನಮ್ಮ ಅದೃಷ್ಟಕ್ಕೆ ಇಲ್ಲಿ ಮೂವರೂ ನಿಜವಾಗಿ ಒಂದೇ ಮನೆಯವರಾಗಿದ್ದರು.

ಎಲ್ಲ ಸಲ ಹಾಗಿರುವುದಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿಯಾಗಿದ್ದು ದಕ್ಷಿಣ ಭಾರತದ ಜನಜೀವನದ ಬಗ್ಗೆ ಬರೆದ ಸ್ಟ್ಯಾನ್ಲಿ ರೈಸ್ ಅಂತ ಒಬ್ಬರಿದ್ದಾರೆ. ಅವರ ಪುಸ್ತಕವೂ ಕಪಾಟಿನಲ್ಲಿ ಇವರ ಪಕ್ಕದಲ್ಲೇ ಬಂದು ಕೂರುತ್ತದೆ. ಅದನ್ನು ನೋಡಿ ಬೆಂಗಳೂರಿನ ರೈಸ್‌ಗಳ ಪೈಕಿ ಅಂತ ಬರೆದೀರಿ, ಜೋಕೆ.

ಅಡ್ಡಹೆಸರು ಒಂದೇ ಆದರೆ ಮೂಲ ಒಂದೇ ಅನ್ನುವುದು ನನಗೆ ಅತಿ ಹೆಚ್ಚು ಎದುರಾದ ಭ್ರಮೆ. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರೂರಿಗೂ ಬಡಿಗೇರ, ಕಂಬಾರ, ಕುಂಬಾರ ಇದ್ದಾರೆ. ಎಲ್ಲ ಬಡಿಗೇರರೂ ಒಬ್ಬ ಅಜ್ಜನ ಮಕ್ಕಳಲ್ಲ. ಇಂಗ್ಲಿಷಿನ ಸ್ಮಿತ್ ಅಂದರೆ ಕಂಬಾರ, ಪಾಟರ್ ಅಂದರೆ ಕುಂಬಾರ, ಟೇಲರ್ ಅಂದರೆ ಸಿಂಪಿಗ. ಸುರಪುರದ ಮೆಡೋಸ್ ಟೇಲರ್ ಬೇರೆ, ಮೆಕೆಂಜಿ ಸಂಗ್ರಹದ ಹಸ್ತಪ್ರತಿಗಳಿಗೆ ಮದ್ರಾಸಿನಲ್ಲಿ ಪಟ್ಟಿ ಮಾಡಿದ ವಿಲಿಯಂ ಟೇಲರ್ ಬೇರೆ. ಕೆಲವು ಸಲ ಇದಕ್ಕೆ ಉಲ್ಟಾ ಆಗುತ್ತದೆ, ಸಂಬಂಧವೇ ಇರಲಾರದು ಅನ್ನಿಸಿದವರು ಅಪ್ಪ ಮಗ ಆಗಿರುತ್ತಾರೆ. ರೀವ್ ಅವರ ಕನ್ನಡ ನಿಘಂಟನ್ನು 1858ರಲ್ಲಿ ತಿದ್ದಿ ಹೊರತಂದ ಪಾದ್ರಿ ಡೇನಿಯಲ್ ಸ್ಯಾಂಡರ್ಸನ್. ಚಾಮರಾಜನಗರದ ಕಾಡಿನಲ್ಲಿ ಖೆಡ್ಡಾ ಮಾಡಿ ಆನೆ ಹಿಡಿಸಿದ ಜಿ.ಪಿ. ಸ್ಯಾಂಡರ್ಸನ್ ಅವರ ಮಗ. ಅಪ್ಪ ಪದ ಹಿಡಿದರು, ಮಗ ಆನೆ ಹಿಡಿದ. ಹೆಸರು ಮಾತ್ರ ನೋಡಿದವರಿಗೆ ಎರಡೂ ಕಡೆ ತಪ್ಪೇ ಆಗುತ್ತದೆ.

ರೈಸ್ ಅಂದರೆ ಅಕ್ಕಿ ಅಂತ ನಿಮ್ಮ ಸಂಚಿಕೆಯಲ್ಲಿ ಬರೆದಿಲ್ಲ ತಾನೆ? ಸುಮ್ನೆ ಕೇಳಿದೆ. ಅವರ ಪೂರ್ವಿಕರು ಅಕ್ಕಿ ವ್ಯಾಪಾರ ಮಾಡುತ್ತಿದ್ದರು ಅಂತ ಒಂದು ಕಡೆ ಅಚ್ಚಾದದ್ದನ್ನೇ ಓದಿದ್ದೇನೆ. ನಮ್ಮಲ್ಲಿ ಅಕ್ಕಿ ಅನ್ನುವ ಅಡ್ಡಹೆಸರು ನಿಜವಾಗಿಯೂ ಇದೆ, ಬೆಲ್ಲದ ಇದೆ, ಮೆಣಸಿನಕಾಯಿ ಇದೆ. ಹಾಗಾಗಿ ನಮಗೆ ಸಹಜವಾಗಿ ಹಾಗೆ ತೋಚುತ್ತದೆ. ಆದರೆ ಬ್ರಿಟನ್ನಿನ ರೈಸ್ ಬಹುಪಾಲು ವೇಲ್ಸ್ ನಾಡಿನ ರೀಸ್ ಅನ್ನುವ ಗಂಡು ಹೆಸರಿನಿಂದ ಬಂದದ್ದು. ವೇಲ್ಸ್‌ನವರು ಒಂದು ಕಾಲಕ್ಕೆ ನಮ್ಮ ಹಾಗೆ ಅಪ್ಪನ ಹೆಸರು ಹಚ್ಚಿಕೊಳ್ಳುತ್ತಿದ್ದರು. 'ಆಪ್ ರೀಸ್' ಅಂದರೆ ರೀಸನ ಮಗ. ಇಂಗ್ಲಿಷ್ ಆಡಳಿತದ ದಾಖಲೆಗೆ ಬಂದಾಗ ಅದು ಮನೆತನದ ಹೆಸರಾಗಿ ಗಟ್ಟಿಯಾಯಿತು. ಗುಮಾಸ್ತನ ಕಿವಿಗೆ ಬಿದ್ದ ಹಾಗೆ ಒಬ್ಬ ರೀಸ್ ಆದ, ಒಬ್ಬ ರೈಸ್ ಆದ, ಆಪ್ ರೀಸ್ ಅನ್ನುವುದು ಕೂಡಿಕೊಂಡು ಪ್ರೈಸ್ ಆಯಿತು. ಪ್ರೈಸ್ ಅಂದರೆ ಬೆಲೆಯೂ ಅಲ್ಲ, ಬಹುಮಾನವೂ ಅಲ್ಲ. ಅಮೆರಿಕಕ್ಕೆ ಹೋದ ಜರ್ಮನ್ನರ ಒಂದು ಹೆಸರೂ ಅಲ್ಲಿ ಇದೇ ಸ್ಪೆಲ್ಲಿಂಗ್‌ಗೆ ಬಂದು ಸೇರಿಕೊಂಡಿದೆ. ಒಂದೇ ಕೆರೆಗೆ ಬೇರೆ ಬೇರೆ ಹಳ್ಳದ ನೀರು.

ಇದರ ಮೇಲೆ ನಮ್ಮ ಲಿಪಿ ತನ್ನ ಪಾಲಿನ ಕಷ್ಟ ಸೇರಿಸುತ್ತದೆ. ಇಂಗ್ಲಿಷಿನಲ್ಲಿ ಮೂರು ಥರ ಬರೆಯುವ ಹೆಸರು ಕನ್ನಡಕ್ಕೆ ಬಂದಾಗ ಒಂದೇ 'ರೀಡ್' ಆಗುತ್ತದೆ. ಎರಡು ಥರದ್ದು ಒಂದೇ 'ಕ್ಲಾರ್ಕ್'. ಎರಡು ಥರದ್ದು ಒಂದೇ 'ಗ್ರೇ'. ಅಲ್ಲಿ ಬೇರೆಯಾಗಿದ್ದವರು ಇಲ್ಲಿ ಒಂದಾಗುತ್ತಾರೆ. ಇನ್ನೊಂದು ಕಡೆ ಒಬ್ಬನೇ ಬುಕಾನನ್ ಕನ್ನಡದಲ್ಲಿ ಬುಕನನ್, ಬುಖಾನನ್, ಬುಚಾನನ್ ಅಂತ ನಾಲ್ಕು ಜನ ಆಗುತ್ತಾನೆ. ಲೂಯಿಸ್ ಒಂದು ಕಡೆ ಲೆವಿಸ್, ಇನ್ನೊಂದು ಕಡೆ ಲೂಯಿ. ಕನ್ನಡದಲ್ಲಿ ಮಾತ್ರ ಹುಡುಕಿದರೆ ಅರ್ಧ ಸಿಗುತ್ತದೆ.

ಬುಕಾನನ್ ವಿಷಯವನ್ನು ಬೇಗ ಮುಗಿಸುತ್ತೇನೆ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದವರು. ಯಾವ ಊರಲ್ಲಿ ಯಾವ ಬೆಳೆ, ಯಾವ ಮಗ್ಗ ಅಂತ ಬರೆದ ಆ ಪ್ರವಾಸದ ಮೂರು ಸಂಪುಟ 1807ರಲ್ಲಿ ಅಚ್ಚಾಯಿತು. ವಯಸ್ಸಾದ ಮೇಲೆ ತಾಯಿಯ ಕಡೆಯ ಆಸ್ತಿ ಬಂದಾಗ ಹ್ಯಾಮಿಲ್ಟನ್ ಅಂತ ಹೆಸರು ಬದಲಾಯಿಸಿಕೊಂಡರು. ಹಾಗಾಗಿ ಪ್ರವಾಸದ ಪುಸ್ತಕದ ಮೇಲೆ ಬುಕಾನನ್, 1822ರ ಗಂಗಾ ನದಿಯ ಮೀನುಗಳ ಪುಸ್ತಕದ ಮೇಲೆ ಹ್ಯಾಮಿಲ್ಟನ್. ಮಾರುಕಟ್ಟೆಯಲ್ಲಿ ತೂಗಿಸಿಕೊಳ್ಳುವ ರೋಹು ಮೀನಿನ ವೈಜ್ಞಾನಿಕ ಹೆಸರಿನ ಮುಂದೆ ಇಂದಿಗೂ ಹ್ಯಾಮಿಲ್ಟನ್ ಅಂತ ಇರುತ್ತದೆ, ಅದು ಇವರೇ. ಗಿಡಗಳ ಪಟ್ಟಿಯಲ್ಲಿ ಎರಡೂ ಸೇರಿಸಿ ಬುಕಾನನ್-ಹ್ಯಾಮಿಲ್ಟನ್. ಅದೇ ಕಾಲಕ್ಕೆ ಕಲ್ಕತ್ತದಲ್ಲಿ ಕ್ಲಾಡಿಯಸ್ ಬುಕಾನನ್ ಅನ್ನುವ ಇನ್ನೊಬ್ಬ ಸ್ಕಾಟ್ಲೆಂಡಿನವರು ಇದ್ದರು. ಅವರು ಪಾದ್ರಿ, ಗಿಡ ಮೀನಿಗೂ ಅವರಿಗೂ ಸಂಬಂಧ ಇಲ್ಲ. ನೋಡಿ, ಒಂದೇ ಹೆಸರಿನವರು ಇಬ್ಬರು, ಎರಡು ಹೆಸರಿನವನು ಒಬ್ಬ. ಕ್ಯಾಟಲಾಗಿನಲ್ಲಿ ಇದಕ್ಕೆ ನಾವು 'ನೋಡಿ' ಅನ್ನುವ ಕಾರ್ಡ್ ಇಡುತ್ತಿದ್ದೆವು. "ಹ್ಯಾಮಿಲ್ಟನ್, ಫ್ರಾನ್ಸಿಸ್: ನೋಡಿ ಬುಕಾನನ್, ಫ್ರಾನ್ಸಿಸ್, 1762–1829." ಅಷ್ಟೇ ಇರುತ್ತಿತ್ತು ಆ ಕಾರ್ಡಿನಲ್ಲಿ. ಎಷ್ಟೋ ಜನರ ಸಮಯ ಉಳಿಸಿದೆ ಅದು.

ಮೆಕೆಂಜಿ ಚಿತ್ರದ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ನೀವು ಕಳಿಸಿದ ಪುಟದ ಫೋಟೋ ನೋಡಿದ ಕೂಡಲೇ ನನಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ.

ನಿಮಗೆ ಬೇಕಾದವರು ಕಾಲಿನ್ ಮೆಕೆಂಜಿ, 1754–1821. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿ, ಊರೂರಿನ ಕೈಫಿಯತ್ತು (ಊರಿನ ಹಳೆಯ ಸಂಗತಿಗಳ ಬರಹ), ಶಾಸನ, ತಾಳೆಗರಿ ಗುಡ್ಡೆ ಹಾಕಿದವರು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. ನೀವು ಹಾಕಿದ ಚಿತ್ರ ಇನ್ನೊಬ್ಬ ಕಾಲಿನ್ ಮೆಕೆಂಜಿಯದು, 1806–1881. ಅವರೂ ಸೈನ್ಯದವರೇ, ಅವರೂ ಮದ್ರಾಸ್ ಸೇನೆಯವರೇ. ಮೊದಲ ಆಫ್ಘನ್ ಯುದ್ಧದಲ್ಲಿ ಕಾಬೂಲಿನಲ್ಲಿ ಒತ್ತೆಯಾಳಾಗಿ ಸಿಕ್ಕಿಕೊಂಡು ಬದುಕಿ ಬಂದರು. ಬಂದ ಮೇಲೆ ಜೇಮ್ಸ್ ಸ್ಯಾಂಟ್ ಅನ್ನುವ ಕಲಾವಿದರು ಅವರನ್ನು ಆಫ್ಘನ್ ಉಡುಪಿನಲ್ಲೇ ಚಿತ್ರಿಸಿದರು. ಆ ಪೇಟ ಅಲ್ಲಿಯದು ಮೇಷ್ಟ್ರೇ, ಮೈಸೂರಿನದಲ್ಲ. ಸರ್ವೆಯ ಮೆಕೆಂಜಿ ತೀರಿಕೊಂಡಾಗ ಈ ಹುಡುಗನಿಗೆ ಹದಿನೈದು ವರ್ಷ.

ಸರಿಯಾದ ಚಿತ್ರ ಥಾಮಸ್ ಹಿಕಿ 1816ರಲ್ಲಿ ಬರೆದದ್ದು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಕೋಟಿನ ಮುದುಕ ಸಾಹೇಬರು, ಸುತ್ತ ಮೂವರು ದೇಶೀ ಸಹಾಯಕರು. ಒಬ್ಬರ ಕೈಯಲ್ಲಿ ದುರ್ಬೀನು, ಇನ್ನೊಬ್ಬರ ಕೈಯಲ್ಲಿ ತಾಳೆಗರಿ. ಹಿಂದೆ ದೂರದ ಗುಡ್ಡದ ಕಡೆ ನೋಡಿ, ಅಲ್ಲಿ ಗೊಮ್ಮಟ ನಿಂತಿದ್ದಾನೆ. ಕನ್ನಡಿಗರಿಗೆ ಇದಕ್ಕಿಂತ ಸುಲಭದ ಗುರುತು ಬೇಕಾ?

ಇಂಟರ್‌ನೆಟ್ಟಿಗೆ ಗೊತ್ತಿರುವುದು ಅಕ್ಷರಗಳು ಮಾತ್ರ. ನೀವು ಹೆಸರು ಕೊಟ್ಟರೆ ಆ ಹೆಸರು ಹತ್ತಿರದಲ್ಲಿ ಬರೆದಿರುವ ಚಿತ್ರ ತಂದು ಕೊಡುತ್ತದೆ. ಸ್ಕಾಟ್ಲೆಂಡಿನ ಹೆಸರುಗಳಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಮೆಕೆಂಜಿ ಅನ್ನುವುದು ಅಲ್ಲಿನ ಒಂದು ಇಡೀ ಬಣದ ಹೆಸರು. ಬಣದ ನಾಯಕನ ರಕ್ತ ಇದ್ದವರೂ ಮೆಕೆಂಜಿ, ಅವನ ಸೀಮೆಯಲ್ಲಿ ಬಾಳಿದ ಒಕ್ಕಲೂ ಮೆಕೆಂಜಿ. ಕಾಲಿನ್ ಅನ್ನುವುದು ಆ ಬಣದಲ್ಲಿ ತೀರಾ ಬಳಕೆಯ ಹೆಸರು. ಎರಡೂ ಸೇರಿದರೆ ಕೇಳಬೇಕೆ.

ಗುರುತಿಸುವುದು ಹೇಗೆ ಅಂತ ಕೇಳಿದ್ದೀರಿ. ನನ್ನ ಮೊದಲ ಅಸ್ತ್ರ ಹುಟ್ಟು ಸಾವಿನ ವರ್ಷ. ಗ್ರಂಥಾಲಯಗಳು ಹೆಸರಿನ ಮುಂದೆ ವರ್ಷ ಹಾಕುವುದು ಶೋಭೆಗಲ್ಲ. 1886ರ ಶಾಸನ ಸಂಪುಟ ಅಪ್ಪನದೂ ಆಗಬಹುದಿತ್ತು, ಆದರೆ 1887ರ ನಂತರ ಶುರುವಾದ ಕೆಲಸ ಅಪ್ಪನದಾಗಲು ಸಾಧ್ಯವಿಲ್ಲ. ಒಂದು ವರ್ಷ ಎಷ್ಟು ಕೆಲಸ ಮಾಡುತ್ತದೆ ನೋಡಿ. ವರ್ಷದಿಂದ ಬಗೆಹರಿಯದಿದ್ದರೆ ಕಸುಬು ನೋಡಿ: ಪಾದ್ರಿಯೋ, ಸಿಪಾಯಿಯೋ, ಸರ್ಕಾರಿ ನೌಕರನೋ. ಒಂದೇ ಹೆಸರು, ಒಂದೇ ಊರು ಎಷ್ಟೋ ಸಲ ಸಿಗುತ್ತದೆ. ಒಂದೇ ಹೆಸರು, ಒಂದೇ ಊರು, ಒಂದೇ ಕಸುಬು, ಒಂದೇ ಹತ್ತು ವರ್ಷ ಅಂದರೆ ಆಗ ಅಪ್ಪ ಮಗ ಇರಬಹುದಾ ಅಂತ ಅನುಮಾನ ಪಡಿ. ಆಮೇಲೆ ಪುಸ್ತಕದ ಶೀರ್ಷಿಕೆ ಪುಟವನ್ನು ಕಣ್ಣಾರೆ ನೋಡಿ. ಅಲ್ಲಿ ಹೆಸರಿನ ಕೆಳಗೆ ಹುದ್ದೆ ಇರುತ್ತದೆ. ಹಳೆಯ ಪುಸ್ತಕಗಳಲ್ಲಿ ಇದು ಬಹಳ ಉಪಕಾರಿ. ಬೇರೆಯವರ ಉಲ್ಲೇಖದಿಂದ ಎತ್ತಿಕೊಂಡರೆ ಆ ಸಾಲು ಸಿಗುವುದಿಲ್ಲ.

ಈಗ ಅದಕ್ಕೊಂದು ಅಂತಾರಾಷ್ಟ್ರೀಯ ಏರ್ಪಾಡೂ ಇದೆ. ವಿಯಾಫ್ (VIAF) ಅಂತ ಹುಡುಕಿ. ಬೇರೆ ಬೇರೆ ದೇಶದ ರಾಷ್ಟ್ರೀಯ ಗ್ರಂಥಾಲಯಗಳು ತಮ್ಮ ಲೇಖಕರ ಪಟ್ಟಿಯನ್ನು ಅಲ್ಲಿ ಒಟ್ಟು ಮಾಡಿ, ಒಬ್ಬೊಬ್ಬ ಲೇಖಕನಿಗೂ ಒಂದು ನಂಬರ್ ಕೊಟ್ಟಿವೆ. ಹೆಸರು ಬದಲಾದರೂ ನಂಬರ್ ಬದಲಾಗುವುದಿಲ್ಲ ಅನ್ನುವುದು ಲೆಕ್ಕ. ಕಣ್ಣುಮುಚ್ಚಿ ನಂಬಬೇಡಿ, ಅಲ್ಲೂ ನನ್ನಂಥ ಎರಡನೇ ವರ್ಷದ ನೌಕರರು ಇರುತ್ತಾರೆ. ಇನ್ನು ವಿಕಿಪೀಡಿಯದಲ್ಲಿ ಒಂದೇ ಅಡ್ಡಹೆಸರಿನ ಪ್ರಸಿದ್ಧರನ್ನೆಲ್ಲ ಒಟ್ಟಿಗೆ ಕೊಡುವ ಪುಟಗಳಿವೆ. ಗೀತೆ ಬರೆಯುವ ಟಿಮ್ ರೈಸ್, ಅಮೆರಿಕದ ವಿದೇಶಾಂಗ ಸಚಿವೆಯಾಗಿದ್ದ ಕಾಂಡೊಲೀಜಾ ರೈಸ್, ಎಲ್ಲರೂ ಒಂದೇ ಸಾಲಿನಲ್ಲಿ. ಅದು ಬಸ್‌ಸ್ಟ್ಯಾಂಡಿನ ಬೋರ್ಡ್ ಇದ್ದ ಹಾಗೆ. ಯಾವ ಬಸ್ ಹತ್ತಬೇಕು ಅಂತ ತಿಳಿಯಲು ಒಳ್ಳೆಯದು. ಅಲ್ಲಿ ಜೊತೆಗೆ ಹೆಸರು ಇದೆ ಅಂದ ಮಾತ್ರಕ್ಕೆ ಬಸ್ಸುಗಳು ಬೀಗರಾಗುವುದಿಲ್ಲ.

ಇನ್ನು ನಿಮ್ಮ 600 ಪ್ರತಿ. ಪೂರ್ತಿ ಮರುಮುದ್ರಣ ಬೇಡ. ದುಡ್ಡು ಹಾಳು, ಮೇಲಾಗಿ ಹಂಚಿದ ಮುನ್ನೂರು ಪ್ರತಿ ಊರಲ್ಲಿ ಇದ್ದೇ ಇರುತ್ತವೆ. ಹತ್ತು ವರ್ಷ ಬಿಟ್ಟು ಒಬ್ಬರ ಕೈಗೆ ಹಳೆಯದು, ಇನ್ನೊಬ್ಬರ ಕೈಗೆ ಹೊಸದು ಸಿಕ್ಕಿ ಯಾವುದು ಸರಿ ಅಂತ ಜಗಳ ಆಗುತ್ತದೆ. ಆ ಹಾಳೆ ಮಾತ್ರ ಕತ್ತರಿಸಿ ತೆಗೆದು ಹೊಸ ಹಾಳೆ ಅಂಟಿಸುವುದು ಒಂದು ದಾರಿ. ಉಳಿದ ಮುನ್ನೂರಕ್ಕೆ ಮಾಡಬಹುದು. ಆದರೆ ನಿಮ್ಮದು ಗೋಂದು ಬೈಂಡಿಂಗ್ ಆಗಿದ್ದರೆ ಒಂದು ಹಾಳೆ ಎಳೆದರೆ ಅಕ್ಕಪಕ್ಕದವೂ ಸಡಿಲವಾಗುತ್ತವೆ. ಪಿನ್ ಹೊಡೆದದ್ದಾದರೆ ಆ ಹಾಳೆಯ ಜೋಡಿ ಹಾಳೆ ಕಳಚಿ ಬೀಳುತ್ತದೆ. ಪ್ರೆಸ್ಸಿನವರು "ಮಾಡ್ಕೊಡ್ತೀವಿ ಬಿಡಿ ಸಾರ್" ಅನ್ನುತ್ತಾರೆ, ಒಂದು ಪ್ರತಿ ಎದುರಿಗೇ ಮಾಡಿ ತೋರಿಸಿ ಅನ್ನಿ. ಚಿತ್ರದ ಮೇಲೆ ಸ್ಟಿಕರ್ ಅಂಟಿಸುವ ಯೋಚನೆಯನ್ನಂತೂ ಬಿಡಿ. ಎರಡು ಮಳೆಗಾಲಕ್ಕೆ ಅಂಚು ಏಳುತ್ತದೆ, ಮಕ್ಕಳು ಕಿತ್ತು ನೋಡುತ್ತಾರೆ, ಒಳಗೆ ಮತ್ತೆ ಅದೇ ಆಫ್ಘನ್ ಪೇಟ.

ನಾನಾದರೆ ಒಪ್ಪೋಲೆ, ಅಂದರೆ ಅಚ್ಚಾದ ತಪ್ಪಿಗೆ ತಿದ್ದುಪಡಿ ಹೇಳುವ ಚೀಟಿ, ಮಾಡಿಸುತ್ತೇನೆ. ಅರ್ಧ ಹಾಳೆ ಸಾಕು. ಒಳಗೆ ಸುಮ್ಮನೆ ಇಟ್ಟರೆ ಮೊದಲ ಸಲ ಪುಸ್ತಕ ತೆರೆದಾಗಲೇ ಬಿದ್ದು ಹೋಗುತ್ತದೆ, ಆದ್ದರಿಂದ ಮುಂದಿನ ರಟ್ಟಿನ ಒಳಬದಿಗೆ ಅಂಟಿಸಿ. ಹಂಚಿದವರಿಗೆ ವಾಟ್ಸಾಪಿನಲ್ಲಿ ಕಳಿಸಿ, ದೇವಸ್ಥಾನದಲ್ಲಿ ಒಂದು ಕಟ್ಟು ಇಡಿ. ಯಾವುದಾದರೂ ಗ್ರಂಥಾಲಯಕ್ಕೆ ಪ್ರತಿ ಕೊಟ್ಟಿದ್ದರೆ ಅಲ್ಲಿಗೆ ತಪ್ಪದೆ ಅಂಚೆಯಲ್ಲಿ ಕಳಿಸಿ. ಮುಂದೆ ಯಾರಾದರೂ ನಿಮ್ಮಿಂದ ಎತ್ತಿ ಬರೆಯುವುದಿದ್ದರೆ ಆ ಪ್ರತಿಯಿಂದಲೇ. ಇದರಲ್ಲೂ ಒಂದು ಕಷ್ಟ ಇದೆ, ತಪ್ಪು ಮಾಡಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಅದು ನಿಮಗೆ ಬಿಟ್ಟದ್ದು. ಒಪ್ಪೋಲೆ ಇರುವ ಪುಸ್ತಕದ ಮೇಲೆ ನನಗಂತೂ ನಂಬಿಕೆ ಜಾಸ್ತಿ.

ಒಪ್ಪೋಲೆಯಲ್ಲಿ ವಾದ ಬೇಡ, ಕ್ಷಮಾಪಣೆಯೂ ಬೇಡ. ಹೀಗಿದ್ದರೆ ಸಾಕು: "ಶಾಸನ ಲೇಖನದಲ್ಲಿ ಬಂದಿರುವ ರೈಸ್ ಅವರು ಬಿ. ಲೂಯಿಸ್ ರೈಸ್ (1837–1927). ಇವರು ಸರ್ಕಾರಿ ಅಧಿಕಾರಿ, ಮಿಷನರಿ ಅಲ್ಲ. ಚರ್ಚ್ ಇವರ ತಂದೆ ಬೆಂಜಮಿನ್ ರೈಸ್ ನೆನಪಿನದು. ಸಾಹಿತ್ಯ ಚರಿತ್ರೆ ಇವರ ತಮ್ಮ ಇ.ಪಿ. ರೈಸ್ ಅವರದು. ಫ್ರಾನ್ಸಿಸ್ ಬುಕಾನನ್ ಮತ್ತು ಫ್ರಾನ್ಸಿಸ್ ಹ್ಯಾಮಿಲ್ಟನ್ ಒಬ್ಬರೇ. ಮೆಕೆಂಜಿ ಎಂದು ಹಾಕಿದ ಚಿತ್ರ ಅದೇ ಹೆಸರಿನ ಬೇರೆ ಸೇನಾಧಿಕಾರಿಯದು." ಜೊತೆಗೆ ಹಿಕಿ ಬರೆದ ಚಿತ್ರವನ್ನು ಚಿಕ್ಕದಾಗಿ ಹಾಕಿ. ಎರಡನೇ ಮುದ್ರಣ ಬಂದರೆ ಪ್ರತಿ ಹೆಸರು ಮೊದಲ ಸಲ ಬಂದಾಗ ಇಂಗ್ಲಿಷ್ ಸ್ಪೆಲ್ಲಿಂಗನ್ನೂ ವರ್ಷವನ್ನೂ ಕೊಡಿ. ಆಮೇಲೆ ಕನ್ನಡದಲ್ಲಿ ಹೇಗೆ ಬರೆದರೂ ನಡೆಯುತ್ತದೆ.

ಇನ್ನೊಂದು ನೆನಪಾಯಿತು. ಶಾಸನಕ್ಕೆ ಆಧಾರ ಕೊಡುವಾಗ "ರೈಸ್ ಸಂಪುಟ" ಅಂತ ಬಿಟ್ಟುಬಿಡಬೇಡಿ. ಎಪಿಗ್ರಾಫಿಯಾ ಕರ್ನಾಟಿಕಾವನ್ನು ಮೈಸೂರು ವಿಶ್ವವಿದ್ಯಾನಿಲಯದವರು 1972ರಿಂದ ಪರಿಷ್ಕರಿಸಿ ಹೊರತಂದರು, ಅದರ ಸಂಪುಟ ಸಂಖ್ಯೆ ಹಳೆಯದಕ್ಕೆ ಹೊಂದುವುದಿಲ್ಲ. ಶ್ರವಣಬೆಳಗೊಳದ ಸಂಪುಟವಂತೂ ಅದಕ್ಕೂ ಮೊದಲೇ ಬದಲಾಗಿತ್ತು. 1889ರಲ್ಲಿ ರೈಸ್ ಕೊಟ್ಟದ್ದು 144 ಶಾಸನ. 1923ರಲ್ಲಿ ನರಸಿಂಹಾಚಾರ್ ಪರಿಷ್ಕರಿಸಿದಾಗ ಅದು 500 ಆಯಿತು. ಹಳೆಯದೋ ಪರಿಷ್ಕೃತವೋ ಅಂತ ಒಂದು ಪದ ಸೇರಿಸಿ. ಯಾವ ನರಸಿಂಹಾಚಾರ್ ಅನ್ನುವುದನ್ನೂ.

ಕೊನೆಗೆ ನಿಮ್ಮ ಮೊಮ್ಮಗನಿಗೆ. ಡೆಕ್ಲನ್ ರೈಸ್ ಇಂಗ್ಲೆಂಡಿಗೆ ಆಡುವುದು ನಿಜ, ಆದರೆ ಅವನ ಅಪ್ಪನ ಕಡೆಯ ಅಜ್ಜ ಅಜ್ಜಿ ಐರ್ಲೆಂಡಿನ ಕಾರ್ಕ್ ಕಡೆಯವರು. ಮೊದಲು ಐರ್ಲೆಂಡ್ ತಂಡಕ್ಕೇ ಮೂರು ಪಂದ್ಯ ಆಡಿದ್ದ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಮನೆಗೆ ಅವನನ್ನು ಸೇರಿಸಲು ಹೆಸರೊಂದು ಬಿಟ್ಟು ಬೇರೆ ಆಧಾರ ಇಲ್ಲ. ಬೇಕಾದರೆ ಹುಡುಗ ಅವೆನ್ಯೂ ರಸ್ತೆಯ ಚರ್ಚ್ ಮುಂದೆ ಆರ್ಸೆನಲ್ ಜರ್ಸಿ ಹಾಕಿಕೊಂಡು ಒಂದು ಫೋಟೋ ತೆಗೆಸಿಕೊಳ್ಳಲಿ. ಕೆಳಗೆ ಏನು ಬರೆಯುತ್ತಾನೆ ಅನ್ನುವುದನ್ನು ಮಾತ್ರ ನೀವು ಒಂದು ಸಲ ನೋಡಿಬಿಡಿ.